ಕಿವಿ ಕೇಳಿಸ್ತಿಲ್ಲ ಅಂತ ಬಂದವರು

ಎಲ್ಲರಿಗೂ ನಮಸ್ಕಾರ. ಡಿಮೆನ್ಷಿಯಾ, ಅಂದರೆ ಮೆದುಳಿನ ಕಾಯಿಲೆಯಿಂದ ಬರುವ ಮರೆವಿನ ಬಗ್ಗೆ ಒಂದು ಸಭೆಯಲ್ಲಿ ಮಾತಾಡಿದ್ದೆ. ಅವತ್ತು ಮಾತಾಡಿದ್ದನ್ನು ಬರೆದುಕೊಡಿ ಅಂತ ಸಭೆಗೆ ಬಂದಿದ್ದ ಕೆಲವರು ಕೇಳಿದರು. ಅದನ್ನೇ ಇಲ್ಲಿ ಬರೆದಿದ್ದೇನೆ. ಸಮಯ ಸಾಲದೆ ಬಿಟ್ಟುಹೋಗಿದ್ದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ನಾನು ಮೆದುಳಿನ ಡಾಕ್ಟರ್ ಅಲ್ಲ. ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡಿ, ಬೇಕಾದವರಿಗೆ ಹಿಯರಿಂಗ್ ಏಡ್ ಹಾಕಿಕೊಡುವುದು ನನ್ನ ಕೆಲಸ. ಡಿಮೆನ್ಷಿಯಾ ಬಗ್ಗೆ ಮಾತಾಡೋಕೆ ಕಿವಿಯವಳನ್ನು ಯಾಕೆ ಕರೆದರು ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ವಯಸ್ಸಾದ ಗಂಡ ಹೆಂಡತಿ ಜೊತೆಯಾಗಿ ಬಂದು, "ಇವರಿಗೆ ಕಿವಿ ಕೇಳಿಸ್ತಿಲ್ಲ, ಹೇಳಿದ್ದು ಯಾವುದೂ ತಲೆಗೆ ಹೋಗ್ತಿಲ್ಲ" ಅನ್ನುವುದನ್ನು ನಾನು ಹೆಚ್ಚುಕಮ್ಮಿ ಪ್ರತಿ ವಾರ ಕೇಳುತ್ತೇನೆ. ಅವರಲ್ಲಿ ತುಂಬಾ ಜನಕ್ಕೆ ನಿಜವಾಗಿಯೂ ಕಿವಿಯದೇ ತೊಂದರೆ. ಕೆಲವರಿಗೆ ಮಾತ್ರ ಕಿವಿ ಚೆನ್ನಾಗಿಯೇ ಇರುತ್ತದೆ. ಮಾತು ಒಳಗೆ ಹೋಗುತ್ತದೆ, ಒಳಗೆ ನಿಲ್ಲುವುದಿಲ್ಲ.

ಒಬ್ಬ ಯಜಮಾನರು ಬಂದಿದ್ದರು. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಶರಟು, ಮೆತ್ತನೆ ಮಾತು. ಕರೆದುಕೊಂಡು ಬಂದದ್ದು ಹೆಂಡತಿ. ನಮ್ಮ ಪರೀಕ್ಷೆ ನಡೆಯುವುದು ಹೊರಗಿನ ಸದ್ದು ಬಾರದ ಒಂದು ಪುಟ್ಟ ರೂಮಿನಲ್ಲಿ. ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, "ಪೀ ಅಂತ ಸದ್ದು ಬರುತ್ತೆ, ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಿ" ಅಂತ ಹೇಳಿ ಬಾಗಿಲು ಹಾಕುತ್ತೇವೆ. ಗಾಜಿನ ಈಚೆ ಕೂತು ಸದ್ದನ್ನು ಏರಿಸುತ್ತಾ ಇಳಿಸುತ್ತಾ ಗ್ರಾಫ್ ಬರೆಯುತ್ತೇವೆ. ಮೊದಲ ನಾಲ್ಕೈದು ಸಲ ಅವರು ಸರಿಯಾಗಿ ಒತ್ತಿದರು. ಆಮೇಲೆ ನಿಲ್ಲಿಸಿಬಿಟ್ಟರು. ನಾನು ಸದ್ದು ಏರಿಸುತ್ತಾ ಹೋದೆ. 40 ಡೆಸಿಬಲ್, 50, 60. ಅರವತ್ತು ಅಂದರೆ ಎದುರು ಕೂತವರ ಮಾಮೂಲಿ ಮಾತಿಗಿಂತ ಕಮ್ಮಿಯೇನಲ್ಲ. ಆದರೂ ಬಟನ್ ಒತ್ತಲಿಲ್ಲ. ಬಾಗಿಲು ತೆಗೆದು ಕೇಳಿದೆ, "ಕೇಳಿಸ್ತಿದೆಯಾ ಸರ್?" "ಕೇಳಿಸ್ತಿದೆಯಲ್ಲ, ಏನೋ ಪೀ ಪೀ ಅಂತಿದೆ" ಅಂದರು. ಬಟನ್ ಕೈಯಲ್ಲೇ ಇತ್ತು. ಅದು ಯಾಕೆ ಅಲ್ಲಿದೆ ಅನ್ನೋದು ಹೊರಟುಹೋಗಿತ್ತು.

ಆಗ ತಿರುಗಿ ನೋಡಿದೆ. ಗಾಜಿನ ಈಚೆ ನನ್ನ ಹಿಂದೆ ನಿಂತಿದ್ದ ಅವರ ಹೆಂಡತಿ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ಒತ್ತಿ ತೋರಿಸುತ್ತಿದ್ದರು. ಮೊದಲಿಂದಲೂ ತೋರಿಸುತ್ತಾ ಇದ್ದರಂತೆ. ಮೊದಲ ನಾಲ್ಕೈದು ಸಲ ಸರಿಯಾಗಿ ಬಂದದ್ದು ಹಾಗೆ.

ಆಮೇಲೆ ನಾನು ಏನು ಕೇಳಿದರೂ ಆ ಯಜಮಾನರು ಮೊದಲು ಹೆಂಡತಿಯ ಕಡೆ ತಿರುಗಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಇದು ಡಾಕ್ಟರುಗಳಿಗೂ ಗೊತ್ತಿರುವ ವಿಷಯವೇ. ಪ್ರಶ್ನೆ ಕೇಳಿದ ತಕ್ಷಣ ಜೊತೆಗೆ ಬಂದವರ ಕಡೆ ತಲೆ ತಿರುಗಿಸುವುದನ್ನು ಅಲ್ಜೈಮರ್ಸ್‌ನ, ಅಂದರೆ ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದರ, ಒಂದು ಸುಳಿವಾಗಿ ಅವರು ಗಮನಿಸುತ್ತಾರೆ. ನನಗೆ ಅದು ತಿಳಿದದ್ದು ಬಹಳ ಆಮೇಲೆ. ಅಷ್ಟರಲ್ಲಿ ಆ ನೋಟವನ್ನು ವರ್ಷಗಟ್ಟಲೆ ನೋಡಿದ್ದೆ. ತಿರುಗುವವರನ್ನೇ ನೋಡುತ್ತಿದ್ದೆ, ಅವರು ಯಾರ ಕಡೆ ತಿರುಗುತ್ತಿದ್ದಾರೋ ಅವರನ್ನು ನೋಡುತ್ತಿರಲಿಲ್ಲ. ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಆಸ್ಪತ್ರೆಯಲ್ಲಿ ಫೈಲ್ ತೆರೆಯುವುದು ಒಬ್ಬರ ಹೆಸರಲ್ಲಿ. ಕಾಯಿಲೆಯ ಜೊತೆ ಬದುಕುತ್ತಿರುವುದು ಇಬ್ಬರು. ದಿನಾ ಅವರಿಗೆ ಎದುರಾಗುವ ನಾವು, ಅಂದರೆ ಪಕ್ಕದ ಮನೆಯವರು, ಬಸ್ಸಿನಲ್ಲಿ ಪಕ್ಕ ಕೂತವರು, ಕೌಂಟರಿನ ಹಿಂದೆ ಇರುವವರು, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಮಾತಾಡಿಸಿ ಕಳಿಸುತ್ತೇವೆ.

ಬಹಳ ವರ್ಷ ಜೊತೆಗಿದ್ದ ಗಂಡ ಹೆಂಡತಿ ನೆನಪನ್ನು ಹಂಚಿಕೊಂಡಿರುತ್ತಾರೆ. ನಿಮ್ಮ ಮನೆಯಲ್ಲೇ ನೋಡಿ. ನೆಂಟರ ಮಕ್ಕಳ ಹೆಸರೆಲ್ಲ ಒಬ್ಬರಿಗೆ ನೆನಪು, ಕರೆಂಟ್ ಬಿಲ್ ಕಟ್ಟುವ ತಾರೀಕು ಇನ್ನೊಬ್ಬರಿಗೆ. "ಅದು ಅವಳಿಗೆ ಗೊತ್ತು" ಅನ್ನೋದು ಗೊತ್ತಿದ್ದರೆ ಸಾಕು, ತಾನು ನೆನಪಿಡಬೇಕಾಗಿಲ್ಲ. ಡೇನಿಯಲ್ ವೆಗ್ನರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 1985ರಲ್ಲಿ ಇದರ ಬಗ್ಗೆ ಬರೆದರು. ಹತ್ತಿರದ ಇಬ್ಬರು ಸೇರಿ ಒಂದೇ ನೆನಪಿನ ವ್ಯವಸ್ಥೆಯ ಹಾಗೆ ಕೆಲಸ ಮಾಡುತ್ತಾರೆ ಅಂತ. ನನಗೆ ಇದನ್ನು ಓದಿದಾಗ ಆ ಹೆಬ್ಬೆರಳು ಕಣ್ಣ ಮುಂದೆ ಬಂತು.

ಈ ಹಂಚಿಕೆಯ ಒಳಗೇ ಕಾಯಿಲೆ ಅಡಗಿ ಕೂರುತ್ತದೆ. ಒಬ್ಬರ ಪಾಲಿನದು ಒಂದೊಂದೇ ಜಾರುತ್ತಿದ್ದ ಹಾಗೆ ಇನ್ನೊಬ್ಬರು ಅದನ್ನು ತಮ್ಮ ಪಾಲಿಗೆ ಎಳೆದುಕೊಳ್ಳುತ್ತಾರೆ, ಅದೂ ಎಷ್ಟು ನಿಧಾನವಾಗಿ ಅಂದರೆ ಇಬ್ಬರಿಗೂ ಗೊತ್ತಾಗುವುದಿಲ್ಲ, ಮೊದಲು ಬಿಲ್ಲು, ಆಮೇಲೆ ಮಾತ್ರೆ, ಆಮೇಲೆ ಫೋನಿನಲ್ಲಿ ಯಾರ ದನಿ ಅಂತ ಪಿಸುಗುಟ್ಟಿ ಹೇಳುವುದು, ಆಮೇಲೆ ಶರಟಿನ ಗುಂಡಿ. ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ದೂರದಲ್ಲಿರುವ ಮಕ್ಕಳಿಗೆ ಫೋನಿನಲ್ಲಿ ಎಲ್ಲಾ ಸರಿಯಾಗೇ ಕೇಳಿಸುತ್ತದೆ. ಹೀಗಿರುವಾಗ ನೋಡಿಕೊಳ್ಳುತ್ತಿದ್ದವರು ಕಾಲು ಮುರಿದುಕೊಂಡು ನಾಲ್ಕು ದಿನ ಆಸ್ಪತ್ರೆ ಸೇರಿದರು ಅನ್ನಿ. "ಅಮ್ಮ ಇಲ್ಲದ ನಾಲ್ಕೇ ದಿನಕ್ಕೆ ಅಪ್ಪನಿಗೆ ಏನೋ ಆಗಿಬಿಡ್ತು" ಅಂತ ಮಕ್ಕಳು ಓಡಿ ಬರುತ್ತಾರೆ. ಹೊಸ ಜಾಗ, ಗಾಬರಿ ಇವು ಸ್ವಲ್ಪ ಜಾಸ್ತಿ ಮಾಡುತ್ತವೆ, ನಿಜ. ಆದರೆ ಅದು ನಾಲ್ಕು ದಿನದಲ್ಲಿ ಬಂದದ್ದಲ್ಲ.

ಅಲ್ಜೈಮರ್ಸ್ ಅನ್ನುವ ಹೆಸರು ಬಂದದ್ದೂ ಇಂಥ ಒಂದು ಮನೆಯಿಂದಲೇ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಗುಸ್ಟೆ ಡೇಟರ್ ಅನ್ನುವ 51 ವರ್ಷದ ಹೆಂಗಸು ಆಸ್ಪತ್ರೆ ಸೇರಿದರು. ಅಲ್ಲಿನ ಡಾಕ್ಟರ್ ಅಲೋಯಿಸ್ ಅಲ್ಜೈಮರ್. ಆಕೆಯಲ್ಲಿ ಮೊದಲು ಎದ್ದು ಕಂಡ ಬದಲಾವಣೆ ಗಂಡನ ಮೇಲಿನ ಅನುಮಾನ ಅಂತ ಅಲ್ಜೈಮರ್ ಬರೆದಿದ್ದಾರೆ. ಮರೆವು ಬೇಗ ಬೇಗ ಬಂತು. ಕೇಸ್ ಶೀಟಿನಲ್ಲಿ ಡಾಕ್ಟರ್ ಕೇಳಿದ್ದು, ಆಕೆ ಹೇಳಿದ್ದು ಹಾಗೆ ಹಾಗೇ ಇದೆ. ಹೆಸರೇನು ಅಂದರೆ ಆಗುಸ್ಟೆ. ಗಂಡನ ಹೆಸರೇನು ಅಂದರೂ ಆಗುಸ್ಟೆ, ಅಂತ ಕಾಣುತ್ತೆ. ಆಕೆ 1906ರಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಜೈಮರ್ ಆಕೆಯ ಮೆದುಳಿನಲ್ಲಿ ಕಂಡದ್ದನ್ನು ಒಂದು ಸಭೆಯಲ್ಲಿ ಹೇಳಿದರು. ವೈದ್ಯರೆಲ್ಲ ನೆನಪಿಟ್ಟುಕೊಂಡದ್ದು ಮೆದುಳಿನ ಸ್ಲೈಡುಗಳನ್ನು. ನಾನು ಯೋಚಿಸುವುದು ಆ ಗಂಡನ ಬಗ್ಗೆ. ಅಷ್ಟು ವರ್ಷ ಜೊತೆಗಿದ್ದ ಹೆಂಡತಿ ಒಂದು ದಿನ ಅನುಮಾನಪಡಲು ಶುರು ಮಾಡಿದಾಗ, ಇದು ಕಾಯಿಲೆ ಅಂತ ಹೇಳಿಕೊಡುವವರು ಅವತ್ತು ಯಾರಿದ್ದರು?

ಅನುಮಾನ ಅಂದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊರಗಿನವರು ಎದುರಾದಾಗ ತಪ್ಪು ತಿಳಿಯುವುದು ಇಲ್ಲೇ. ಒಮ್ಮೆ ಒಬ್ಬರು ಅಜ್ಜಿ ನನ್ನ ಎದುರೇ ಗಂಡನ ಕಡೆ ಬೊಟ್ಟು ಮಾಡಿ, "ಇವರು ನನ್ನ ಸಾಮಾನೆಲ್ಲ ಕದೀತಾರೆ" ಅಂದರು. ಆ ತಾತ ನೆಲ ನೋಡಿದರು. ಆಕೆ ಪರೀಕ್ಷೆಗೆ ಒಳಗೆ ಕೂತ ಮೇಲೆ, "ನೋಡಮ್ಮಾ, ಐವತ್ತು ವರ್ಷದಲ್ಲಿ ಒಂದು ದಿನ ನನ್ನ ಜೇಬು ಮುಟ್ಟಿ ನೋಡಿದವಳಲ್ಲ ಇವಳು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನೆಲ್ಲಿ ಆ ಮಾತನ್ನು ನಂಬಿಬಿಡುತ್ತೇನೋ ಅನ್ನುವ ಭಯ ಇತ್ತು. ಕಾಯಿಲೆ ಇರುವವರು ವಸ್ತುವನ್ನು ಜೋಪಾನವಾಗಿ ಎಲ್ಲೋ ಇಡುತ್ತಾರೆ, ಇಟ್ಟದ್ದು ಮರೆತುಹೋಗುತ್ತದೆ, ವಸ್ತು ಇಲ್ಲ ಅನ್ನೋದು ಮಾತ್ರ ಕಣ್ಣಿಗೆ ಕಾಣುತ್ತದೆ. ಇಲ್ಲದಿರುವುದಕ್ಕೆ ಒಂದು ಕಾರಣ ಬೇಕಲ್ಲ, ಮನೆಯಲ್ಲಿ ಇನ್ನೊಬ್ಬರು ಇರುವುದು ಇವರೊಬ್ಬರೇ. ಆದ್ದರಿಂದ ಅತಿ ಹೆಚ್ಚು ಮಾಡುವವರ ಮೇಲೇ ಆರೋಪ ಬರುತ್ತದೆ. ಅಂಥ ಮಾತು ನಿಮ್ಮ ಕಿವಿಗೆ ಬಿದ್ದರೆ ನಗಬೇಡಿ, ತೀರ್ಪು ಕೊಡಬೇಡಿ, "ಛೇ, ಹಾಗೆಲ್ಲ ಅನ್ನಬಾರದು" ಅಂತ ಬುದ್ಧಿಯೂ ಹೇಳಬೇಡಿ. "ಕಳೆದುಹೋದರೆ ಬೇಜಾರಾಗುತ್ತೆ ಅಲ್ವಾ, ಹುಡುಕೋಣ" ಅಂದರೆ ಸಾಕು. ಆಮೇಲೆ ಆ ಇನ್ನೊಬ್ಬರ ಕಣ್ಣನ್ನು ಒಂದು ಸಲ ನೋಡಿ. ನೀವು ನಂಬಿಲ್ಲ ಅಂತ ಅವರಿಗೆ ಗೊತ್ತಾಗಬೇಕು.

ನಮ್ಮಲ್ಲಿ "ಅರವತ್ತಕ್ಕೆ ಅರಳು ಮರಳು" ಅನ್ನುವ ಮಾತಿದೆ. ನನಗೆ ಆ ಮಾತು ಇಷ್ಟವಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಮಾಮೂಲು ಅಂತ ಸುಮ್ನೆ ಬಿಟ್ಟುಬಿಡೋಕೆ ಅದು ದಾರಿ ಮಾಡಿಕೊಡುತ್ತದೆ. ವಯಸ್ಸಾದವರಿಗೆಲ್ಲ ಡಿಮೆನ್ಷಿಯಾ ಬರುವುದಿಲ್ಲ, ಅದು ಮೆದುಳಿನ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಜನಕ್ಕೆ ಇದು ಇತ್ತು, ವರ್ಷಕ್ಕೆ ಸುಮಾರು 1 ಕೋಟಿ ಹೊಸಬರು ಸೇರುತ್ತಾರೆ. ಅಷ್ಟೂ ಜನರಲ್ಲಿ 100ಕ್ಕೆ 60-70 ಮಂದಿಯದು ಅಲ್ಜೈಮರ್ಸ್. ಜಪಾನಿನಲ್ಲಿ ಈ ಕಾಯಿಲೆಗೆ ಹಿಂದೆ ಇದ್ದ ಹೆಸರಿನಲ್ಲೇ ಪೆದ್ದುತನದ ಅರ್ಥ ಇತ್ತಂತೆ. 2004ರಲ್ಲಿ ಅಲ್ಲಿನ ಸರಕಾರ ಆ ಹೆಸರನ್ನೇ ಬದಲಾಯಿಸಿತು. ಹೆಸರು ಬದಲಾದರೆ ಕಾಯಿಲೆ ಹೋಗುವುದಿಲ್ಲ, ನಿಜ. ಆದರೆ ಬೈಗುಳದಂಥ ಹೆಸರಿರುವ ಕಾಯಿಲೆಯನ್ನು ಬಾಯಿ ಬಿಟ್ಟು ಹೇಳಿಕೊಳ್ಳುವವರು ಎಷ್ಟು ಮಂದಿ ಇದ್ದಾರು? ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಮಂದಿ "ಕಿವಿ" ಅಂದದ್ದು ಅದಕ್ಕೇ ಅಂತ ನನಗೆ ಈಗ ಅನ್ನಿಸುತ್ತದೆ. ಕಿವಿ ಅಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಉಲ್ಟಾ ಆಗುವುದೂ ಇದೆ. ಮನೆಯವರೆಲ್ಲ ಅಜ್ಜನಿಗೆ ಮರೆವು ಅಂತ ತೀರ್ಮಾನ ಮಾಡಿ ಮಾತಾಡಿಸುವುದನ್ನೇ ಬಿಟ್ಟಿದ್ದರು. ನೋಡಿದರೆ ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ತೆಗೆಸಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಇಷ್ಟು ದಿನ ಯಾಕೆ ಎಲ್ಲರೂ ಪಿಸಪಿಸ ಅಂತಿದ್ರಿ?" ಹಾಗಾಗಿ ಹೆಸರು ಕಟ್ಟುವ ಮೊದಲು ತೋರಿಸಿ. ಥೈರಾಯ್ಡ್ ಕಮ್ಮಿಯಾದರೂ, ಬಿ12 ಕಮ್ಮಿಯಾದರೂ, ಖಿನ್ನತೆ ಬಂದರೂ, ಕೆಲವು ಮಾತ್ರೆಗಳಿಂದಲೂ ಮರೆವಿನ ಥರ ಕಾಣಿಸಬಹುದು. ಎರಡೇ ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಮೂತ್ರದ ಸೋಂಕಿನಂಥದ್ದು ಏನಾದರೂ ಇರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಇವೆಲ್ಲ ಚಿಕಿತ್ಸೆ ಇರುವಂಥವು.

ಕಿವಿಗೂ ಮರೆವಿಗೂ ನಂಟು ಇದೆಯಾ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇದೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಡಿಮೆನ್ಷಿಯಾದ ಸಾಧ್ಯತೆ ಹೆಚ್ಚಿಸುವ, ನಾವು ಏನಾದರೂ ಮಾಡಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ನಡುವಯಸ್ಸಿನಲ್ಲಿ ಕಿವಿ ಮಂದವಾಗುವುದು ಅದರಲ್ಲಿ ದೊಡ್ಡದೊಂದು. 2023ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. 70ರಿಂದ 84 ವಯಸ್ಸಿನ 977 ಜನರನ್ನು 3 ವರ್ಷ ನೋಡಿದರು. ಎಲ್ಲರನ್ನೂ ಸೇರಿಸಿ ನೋಡಿದರೆ ಹಿಯರಿಂಗ್ ಏಡ್ ಹಾಕಿದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಿಯರಿಂಗ್ ಏಡ್ ಹಾಕಿದರೆ ಮರೆವು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಾತು ಸರಿಯಾಗಿ ಕೇಳಿಸದವರು ಮೆಲ್ಲಗೆ ಮಾತಿನಿಂದಲೇ ದೂರ ಸರಿಯುತ್ತಾರೆ. ಅದನ್ನು ತಡೆಯಬಹುದು.

ಈಗ ವೇಟಿಂಗ್ ರೂಮಿನ ಒಂದು ಘಟನೆ ಹೇಳುತ್ತೇನೆ. ಅವತ್ತು ಸಭೆಯಲ್ಲಿ ಇದನ್ನು ಪೂರ್ತಿ ಹೇಳಲು ಆಗಿರಲಿಲ್ಲ. ಬಾಗಿಲು ತೆರೆದಿತ್ತು, ನಾನು ಒಳಗೆ ಫೈಲ್ ಬರೆಯುತ್ತಿದ್ದೆ. ಹೊರಗೆ ಒಬ್ಬರು ಅಜ್ಜಿ ಗಂಡನನ್ನು ಕೇಳಿದರು, "ರೀ, ಗೇಟಿಗೆ ಬೀಗ ಹಾಕಿದ್ರಾ?" "ಹಾಕಿದೆ ಕಣೇ." ಎರಡು ನಿಮಿಷ ಬಿಟ್ಟು ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೇ ಸಲ ಅವರು ಜೇಬಿನಿಂದ ಕೀ ತೆಗೆದು ತೋರಿಸಿದರು. ಆರನೇ ಸಲ ಕೀ ಅವರ ಕೈಗೇ ಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದ ಅಜ್ಜಿ, "ಇದು ಯಾವುದರ ಕೀ?" ಅಂದರು. "ನಮ್ಮನೆ ಗೇಟಿಂದು. ಬೀಗ ಹಾಕಿದ್ದೀನಿ." ದನಿ ಮೊದಲ ಸಲ ಇದ್ದ ಹಾಗೇ ಇತ್ತು, ಆದರೆ ಅದನ್ನು ಹಾಗೇ ಇರಿಸಿಕೊಳ್ಳೋಕೆ ಅವರು ಪ್ರತಿ ಸಲ ಒಮ್ಮೆ ಉಸಿರು ಎಳೆದುಕೊಂಡು ಮಾತಾಡುತ್ತಿದ್ದುದು ನನಗೆ ಒಳಗಿನಿಂದಲೇ ಕೇಳಿಸುತ್ತಿತ್ತು. ಒಂಬತ್ತು ಸಲ ಎಣಿಸಿದೆ. ಹತ್ತನೇ ಸಲ ಅಜ್ಜಿ ಕೇಳಿದಾಗ, ಪಕ್ಕದ ಕುರ್ಚಿಯಲ್ಲಿದ್ದ ಕಾಲೇಜು ಹುಡುಗ ಇಯರ್‌ಫೋನ್ ತೆಗೆದು, "ಹಾಕಿದ್ದಾರೆ ಅಜ್ಜಿ, ಕೀ ನಿಮ್ಮ ಕೈಯಲ್ಲೇ ಇದೆ ನೋಡಿ" ಅಂದ.

ನಾನು ಆ ತಾತನ ಮುಖ ನೋಡಿದೆ. ಭುಜ ಕೆಳಗಿಳಿಯಿತು. ಹತ್ತರಲ್ಲಿ ಒಂದು ಉತ್ತರ ಬೇರೆಯವರು ಕೊಟ್ಟಿದ್ದರು, ಅಷ್ಟೇ. ಆ ಹುಡುಗನಿಗೆ ತಾನೇನು ಮಾಡಿದೆ ಅಂತ ಗೊತ್ತಿರಲಾರದು. ಮತ್ತೆ ಇಯರ್‌ಫೋನ್ ಹಾಕಿಕೊಂಡ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ನಾಲ್ಕು ಸಲ ಬಂದಿದ್ದ ಒಬ್ಬರು ಅಮ್ಮ, ನಗುಮುಖದವರು. ಐದನೇ ಸಲ ಬಂದಾಗ ಸಲಿಗೆಯಿಂದ, "ನಾನ್ಯಾರು ಹೇಳಿ ನೋಡೋಣ?" ಅಂದುಬಿಟ್ಟೆ. ಅವರು ನಕ್ಕರು. ಗಂಡನ ಕಡೆ ತಿರುಗಿದರು. ಗಂಡ "ಕಿವಿ... ಕಿವಿ..." ಅಂತ ಸುಳಿವು ಕೊಡಲು ಶುರು ಮಾಡಿದರು, ಪರೀಕ್ಷೆಗೆ ಕೂತ ಮಗುವಿಗೆ ಹೇಳಿಕೊಡುವ ಹಾಗೆ. ಆ ಅಮ್ಮನ ಹಣೆಯಲ್ಲಿ ಬೆವರು ಬಂದದ್ದನ್ನು ನಾನು ನೋಡಿದೆ. ನಗು ಹೋಯಿತು. ಅವತ್ತು ಅವರು ಹೆಡ್‌ಫೋನ್ ಹಾಕಿಸಿಕೊಳ್ಳಲೇ ಇಲ್ಲ. ಗಂಡನಿಗೂ ಬೇಜಾರಾಯಿತು. ಹೊರಡುವಾಗ "ಬೆಳಿಗ್ಗೆ ಚೆನ್ನಾಗಿದ್ದಳು" ಅಂತ ಎರಡು ಸಲ ಹೇಳಿದರು. ಚೆನ್ನಾಗಿದ್ದವರನ್ನು ಕೆಡಿಸಿದ್ದು ನಾನು. ಈಗ ಎಷ್ಟೇ ಪರಿಚಯ ಇದ್ದರೂ ನಾನೇ ಮೊದಲು, "ನಾನು ನಿಮ್ಮ ಕಿವಿ ನೋಡುವವಳು, ಹೋದ ಸಲ ನಿಮ್ಮ ಹತ್ತಿರ ಮಾತಾಡಿ ಖುಷಿಯಾಗಿತ್ತು" ಅನ್ನುತ್ತೇನೆ. ನೆನಪಿದೆಯಾ ಅಂತ ಯಾರನ್ನೂ ಕೇಳುವುದಿಲ್ಲ.

ಹೇಗೂ ಮರೆತುಬಿಡುತ್ತಾರಲ್ಲ, ಅದರಲ್ಲೇನಿದೆ ಅಂತ ಅನ್ನಿಸಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಅಲ್ಜೈಮರ್ಸ್ ಇದ್ದ 17 ಜನರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿ ನೋಡಿದರು. ಸ್ವಲ್ಪ ಹೊತ್ತಿಗೆ ಏನು ನೋಡಿದೆವು ಅನ್ನೋದು ಅವರಿಗೆ ಹೆಚ್ಚುಕಡಿಮೆ ಮರೆತುಹೋಗಿತ್ತು. ದುಃಖ ಮಾತ್ರ ಹಾಗೇ ಉಳಿದಿತ್ತು, ಸಂತೋಷವೂ ಉಳಿದಿತ್ತು. ಆ ಅಮ್ಮನಿಗೆ ನನ್ನ ಪ್ರಶ್ನೆ ಮನೆ ಸೇರುವಷ್ಟರಲ್ಲಿ ಮರೆತಿರುತ್ತದೆ. ಬೆವರಿಸಿದ ಆ ಕಸಿವಿಸಿ ಅವರ ಜೊತೆ ಮನೆಗೆ ಹೋಗಿರುತ್ತದೆ. ಅದನ್ನು ಸಂಜೆಯೆಲ್ಲ ಅನುಭವಿಸುವುದು, ಯಾಕೆ ಅಂತ ಗೊತ್ತಿಲ್ಲದ ಇಬ್ಬರು.

ಇನ್ನು ನೋಡಿಕೊಳ್ಳುವವರ ವಿಷಯ. ಒಬ್ಬರು ಅಮ್ಮ ಗಂಡನನ್ನು ಮೂರು ಸಲ ಕರೆತಂದಿದ್ದರು. ಮೂರನೇ ಸಲ ಗಂಡ ಹಿಯರಿಂಗ್ ಏಡನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಎಲ್ಲೋ ಎಸೆದುಬಿಟ್ಟಿದ್ದರು. ಇದು ತುಂಬಾ ಸಲ ಆಗುವಂಥದ್ದು, ಅದಕ್ಕೇ ನಾನು ಕೊರಳಿಗೆ ಸಿಕ್ಕಿಸುವ ದಾರ ಕೊಡುತ್ತೇನೆ. ಆ ಅಮ್ಮ ನನ್ನ ರೂಮಿನಲ್ಲೇ ಗಂಡನ ಮೇಲೆ ಜೋರಾಗಿ ಕೂಗಿದರು. ಆಮೇಲೆ ಹೊರಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತರು. ದಯವಿಟ್ಟು, ಹೀಗೆ ಕೂಗುವವರನ್ನು ಎಲ್ಲಾದರೂ ನೋಡಿದರೆ ಕೆಟ್ಟವರು ಅಂತ ಅಂದುಕೊಳ್ಳಬೇಡಿ. ನೀವು ನೋಡಿದ್ದು ಅವರ ದಿನದ ಒಂದು ನಿಮಿಷ. ನಾನು ಅವರ ಹತ್ತಿರ ಹೋಗಿ ಎರಡು ಮೂರು ಸಲ "ಅಮ್ಮಾ" ಅಂದೆ. ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿದರು. ಆಗ ಹೊಳೆಯಿತು ನನಗೆ. ಅವರನ್ನು ಕೂರಿಸಿ ಪರೀಕ್ಷೆ ಮಾಡಿದೆ. ಗಂಡನಿಗಿಂತ ಅವರದೇ ಕಿವಿ ಹೆಚ್ಚು ಮಂದವಾಗಿತ್ತು. ಮೂರು ಸಲ ನನ್ನ ಎದುರು ಕೂತಿದ್ದಾರೆ, ನಾನು ಕಿವಿಯವಳು, ನಾನೇ ಅವರನ್ನು ಕೇಳಿರಲಿಲ್ಲ. "ಯಜಮಾನರು ಹೇಗಿದ್ದಾರೆ ಅಂತ ಎಲ್ಲರೂ ಕೇಳ್ತಾರಮ್ಮ" ಅಂದರು ಅವರು, ಇನ್ನೇನೂ ಹೇಳಲಿಲ್ಲ.

ಹಾಗಾಗಿ ಇಬ್ಬರನ್ನೂ ಕೇಳಿ. ಮೊದಲು ಮರೆವು ಇರುವವರನ್ನೇ ಮಾತಾಡಿಸಿ, ಅವರ ಎದುರಿಗೆ, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ನಿಂತು. ಹಿಂದಿನಿಂದ ಕೂಗಬೇಡಿ. ಟಿವಿ ಓಡುತ್ತಿದ್ದರೆ ಆರಿಸಿ. ಒಂದು ಸಲಕ್ಕೆ ಒಂದೇ ಮಾತು. ಆಮೇಲೆ ಕಾಯಿರಿ, ನಿಮಗೆ ಮುಜುಗರ ಆಗುವಷ್ಟು ಹೊತ್ತು ಕಾಯಿರಿ, ಯಾಕೆಂದರೆ ಉತ್ತರ ಬರುತ್ತಿರುತ್ತದೆ, ನಾವು ಅರ್ಧದಲ್ಲಿ ಇನ್ನೊಂದು ಪ್ರಶ್ನೆ ಹಾಕಿ ಅದನ್ನು ಕೆಡವುತ್ತೇವೆ. ಅವರು ತಲೆ ತಿರುಗಿಸಿದರೆ ತಿರುಗಿಸಲಿ. ಇನ್ನೊಬ್ಬರು ಸಹಾಯ ಮಾಡಿದರೆ ಮಾಡಲಿ, ಅದು ಅವರಿಬ್ಬರ ಹಳೆಯ ಪದ್ಧತಿ. ಹೊರಡುವ ಮೊದಲು ಆ ಇನ್ನೊಬ್ಬರನ್ನೂ ಕೇಳಿ, ನಿಮಗೆ ನಿದ್ದೆ ಬರ್ತಿದೆಯಾ, ನಿಮ್ಮ ಮಾತ್ರೆ ನೀವು ತಗೋತಿದ್ದೀರಾ ಅಂತ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು, ಆದರೆ ಅವರು ಹೇಳುವುದಿಲ್ಲ. "ಗುರುವಾರ ನಾಲ್ಕು ಗಂಟೆಗೆ ಬಂದು ಇವರ ಹತ್ತಿರ ಒಂದು ಗಂಟೆ ಕೂರ್ತೀನಿ, ನೀವು ಹೊರಗೆ ಹೋಗಿ ಬನ್ನಿ" ಅನ್ನಿ. ಹೋಗಿ ಕೂರಿ.

ಮೊದಲು ಹೇಳಿದ ಆ ಯಜಮಾನರು ಮೂರು ವರ್ಷ ಬಿಟ್ಟು ಮತ್ತೆ ಬಂದರು. ಅಷ್ಟರಲ್ಲಿ ಡಾಕ್ಟರು ಅಲ್ಜೈಮರ್ಸ್ ಅಂತ ಹೇಳಿದ್ದರು. ಈಗ ಕಿವಿಯೂ ನಿಜವಾಗಿ ಮಂದವಾಗಿತ್ತು. ಬಟನ್ ಅಂದರೇನು ಅಂತ ತಿಳಿಸುವುದು ಸಾಧ್ಯವೇ ಇರಲಿಲ್ಲ. ಎರಡು ಸಲ ಪ್ರಯತ್ನ ಮಾಡಿ ನಾನು ಕೈಬಿಡುವುದರಲ್ಲಿದ್ದೆ. ಆಗ ಅವರ ಹೆಂಡತಿ, "ನಾನು ಒಳಗೆ ಕೂರ್ಲಾ?" ಅಂದರು. ನಿಯಮದ ಪ್ರಕಾರ ಒಳಗೆ ಒಬ್ಬರೇ ಇರಬೇಕು. ನಾನು ಇನ್ನೊಂದು ಕುರ್ಚಿ ಹಾಕಿದೆ. ಆಕೆ ಅವರ ಕೈ ಹಿಡಿದು ಕೂತರು. ಸದ್ದು ಕೊಟ್ಟೆ. ಸಣ್ಣ ಸದ್ದಿಗೆ ಏನೂ ಆಗಲಿಲ್ಲ. ಏರಿಸಿದೆ. ಆಕೆ ಗಾಜಿನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ಅವರ ಕೈ ಆಕೆಯ ಕೈಯನ್ನು ಸ್ವಲ್ಪ ಬಿಗಿ ಹಿಡಿದಿತ್ತಂತೆ. ಇನ್ನೊಮ್ಮೆ ಕೊಟ್ಟೆ. ಮತ್ತೆ ಹೆಬ್ಬೆರಳು. ಸದ್ದು ಕೊಡದೆ ಕಾದು ನೋಡಿದೆ, ಹೆಬ್ಬೆರಳು ಕೆಳಗೇ ಇತ್ತು. ಆಕೆಗೆ ಹೆಡ್‌ಫೋನ್ ಇರಲಿಲ್ಲ, ನಾನು ಯಾವಾಗ ಕೊಡುತ್ತೇನೆ ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಎರಡೂ ಕಿವಿಯ ಗ್ರಾಫ್ ಬರೆದು ಮುಗಿಸಲು ನಲವತ್ತು ನಿಮಿಷ ಹಿಡಿಯಿತು. ಹೊರಗೆ ಬಂದಾಗ ಯಜಮಾನರು ನನ್ನನ್ನು ನೋಡಿ, ಆಮೇಲೆ ಹೆಂಡತಿಯನ್ನು ನೋಡಿ, "ಪಾಸಾದೆನಾ?" ಅಂತ ಕೇಳಿದರು. "ಇಬ್ಬರೂ ಪಾಸು" ಅಂದರು ಆಕೆ. ಕೈ ಇನ್ನೂ ಹಿಡಿದೇ ಇದ್ದರು.